ಹೆರಿಗೆಗೆ ಯಾವ ಆಸ್ಪತ್ರೆ? ರಾತ್ರಿ ಪಾಳಿಯಲ್ಲಿ ಯಾರಿರ್ತಾರೆ ಅಂತ ಮೊದಲು ಕೇಳಿ

ಐದನೇ ತಿಂಗಳ ಸ್ಕ್ಯಾನ್ ಮುಗಿಯುತ್ತಿದ್ದಂತೆ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಹೆರಿಗೆ ಎಲ್ಲಿ? ಅಮ್ಮನಿಗೆ ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಅತ್ತೆಗೆ ಹೆಸರು ಮಾಡಿದ ದೊಡ್ಡ ಆಸ್ಪತ್ರೆಯೇ ಆಗಬೇಕು. ‘ಸುಮ್ನೆ ಯಾಕಕ್ಕ ದುಡ್ಡು ಸುರೀತೀರಿ, ಸರ್ಕಾರಿ ಆಸ್ಪತ್ರೆಗೇ ಬನ್ನಿ’ ಅಂತ ಆಶಾ ಕಾರ್ಯಕರ್ತೆ ಹೇಳುತ್ತಾರೆ. ‘ಅಲ್ಲಿಗಾ?’ ಅಂತ ಪಕ್ಕದ ಮನೆಯವರು ಮುಖ ಸಿಂಡರಿಸುತ್ತಾರೆ. ಎಲ್ಲರ ಮಾತು ಕೇಳಿ ಗೊಂದಲಕ್ಕೆ ಬಿದ್ದ ಹೆಣ್ಣುಮಕ್ಕಳು ನನ್ನನ್ನು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನನ್ನು ಯಾಕೆ ಕೇಳುತ್ತಾರೆ ಅಂದರೆ, ನನ್ನ ಮೊದಲ ಹೆರಿಗೆಯ ಕಥೆ ನಮ್ಮವರಿಗೆಲ್ಲ ಗೊತ್ತು. ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆ. ಹೊಳೆಯುವ ನೆಲ, ನಗುನಗುತ್ತಾ ಮಾತಾಡಿಸುವ ರಿಸೆಪ್ಷನ್. ಲೇಬರ್ ವಾರ್ಡಿನ ಬಾಗಿಲು ಮುಚ್ಚಿದ ಮೇಲೆ ಎಲ್ಲ ಬದಲಾಯಿತು. ಗಂಡನನ್ನು ಹೊರಗೇ ಕೂರಿಸಿದರು. ಸಿಸ್ಟರ್ ಒಬ್ಬರು ಬಂದು ಡ್ರಿಪ್ ಬಾಟಲಿಗೆ ಏನೋ ಚುಚ್ಚಿದರು. ಏನದು ಅಂತ ಕೇಳಿದೆ. ‘ಡಾಕ್ಟರ್ ಹೇಳಿದ್ದಾರೆ’ ಅಂದರು, ಅಷ್ಟೇ. ಸ್ವಲ್ಪ ಹೊತ್ತಿಗೆ ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದ ಹಾಗೆ ನೋವು ಬರತೊಡಗಿತು. ಅದು ನೋವು ಜಾಸ್ತಿ ಮಾಡುವ ಆಕ್ಸಿಟೋಸಿನ್ ಅಂತ ತಿಳಿದದ್ದು ಮನೆಗೆ ಬಂದು ಡಿಸ್ಚಾರ್ಜ್ ಕಾಗದ ಓದಿದಾಗ. ಕೂಗಿದರೆ ‘ನೀವೊಬ್ಬರೇನಾ ಹೆರೋದು?’ ಅಂತ ಗದರಿದರು. ಮಗುವನ್ನು ಒಂದು ಕ್ಷಣ ತೋರಿಸಿ ಒಯ್ದರು. ವಾಪಸ್ ತಂದಾಗ ಅವಳ ತುಟಿಯ ಅಂಚಿನಲ್ಲಿ ಪುಡಿ ಹಾಲು ಒಣಗಿತ್ತು. ನನ್ನ ಎದೆಯಲ್ಲಿ ಹಾಲಿತ್ತು. ಯಾರೂ ಕೇಳಿರಲಿಲ್ಲ.

‘ಮಗು ಚೆನ್ನಾಗಿದೆಯಲ್ಲ, ಇನ್ನೇನು ಬೇಕು?’ ಅಂತ ನೆಂಟರೆಲ್ಲ ಹೇಳಿದರು. ಬೇಕು. ತಾಯಿ ಮಗು ಇಬ್ಬರ ಜೀವ ಉಳಿಯಬೇಕು, ಅದರ ಜೊತೆಗೆ ಆ ತಾಯಿಯನ್ನು ಮನುಷ್ಯಳ ಹಾಗೆ ನಡೆಸಿಕೊಳ್ಳಬೇಕು. ಇವೆರಡರಲ್ಲಿ ಒಂದನ್ನು ಆರಿಸಿಕೋ ಅಂತ ಯಾವ ಹೆಣ್ಣಿಗೂ ಹೇಳಬಾರದು.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮುಖ್ಯ, ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯಲ್ಲಿ ಯಾರಿರುತ್ತಾರೆ ಅನ್ನುವುದು. ಓಪಿಡಿಯಲ್ಲಿ ನೀವು ತಿಂಗಳು ತಿಂಗಳು ನೋಡುವ ಡಾಕ್ಟರ್ ಆಗ ಮನೆಯಲ್ಲಿರುತ್ತಾರೆ. ಹೆರಿಗೆ ಡಾಕ್ಟರ್, ಅರಿವಳಿಕೆ ಡಾಕ್ಟರ್, ಮಕ್ಕಳ ಡಾಕ್ಟರ್ ಈ ಮೂವರೂ ಒಳಗೇ ಇರುತ್ತಾರಾ, ಫೋನ್ ಮಾಡಿ ಕರೆಸಬೇಕಾ? ಕರೆಸುವುದಾದರೆ ಎಷ್ಟು ಹೊತ್ತಿಗೆ ಬರುತ್ತಾರೆ? ರಕ್ತ ಆಸ್ಪತ್ರೆಯಲ್ಲೇ ಇದೆಯಾ, ಊರಿನ ಇನ್ನೊಂದು ತುದಿಯಿಂದ ತರಬೇಕಾ? ಹೆರಿಗೆಯಾದ ಮೇಲಿನ ವಿಪರೀತ ರಕ್ತಸ್ರಾವ ನಮ್ಮ ದೇಶದಲ್ಲಿ ತಾಯಂದಿರ ಸಾವಿಗೆ ದೊಡ್ಡ ಕಾರಣ. ಅದು ಹೇಳಿ ಕೇಳಿ ಬರುವುದಿಲ್ಲ. ಒಂಬತ್ತು ತಿಂಗಳೂ ಎಲ್ಲ ಸರಿಯಿದ್ದವರಿಗೂ ಬರಬಹುದು. ಆಗ ಬೇಕಾಗುವುದು ಎಸಿ ರೂಮಲ್ಲ, ರಕ್ತ ಮತ್ತು ಕೈಪಳಗಿದ ಡಾಕ್ಟರ್.

ಎರಡನೆಯದು, ಜೊತೆಗೆ ಯಾರನ್ನು ಬಿಡುತ್ತಾರೆ. ಹೆರಿಗೆ ನೋವಿನುದ್ದಕ್ಕೂ ತಾಯಿ ಬಯಸಿದವರು ಪಕ್ಕದಲ್ಲಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ಹೆರಿಗೆ ಆರೈಕೆಯ ಮಾರ್ಗಸೂಚಿ ಹೇಳುತ್ತದೆ. ಸರ್ಕಾರಿ ಲೇಬರ್ ರೂಮುಗಳನ್ನು ಸುಧಾರಿಸಲು ಕೇಂದ್ರ 2017ರಲ್ಲಿ ತಂದ ‘ಲಕ್ಷ್ಯ’ ಕಾರ್ಯಕ್ರಮದಲ್ಲೂ ಈ ಮಾತಿದೆ. ಪಕ್ಕದಲ್ಲಿ ನಮ್ಮವರೊಬ್ಬರು ನಿಂತಿದ್ದರೆ ಗದರುವ ಬಾಯಿ ತಾನಾಗಿ ಮೆತ್ತಗಾಗುತ್ತದೆ. ನಾನು ಇದನ್ನು ಸುರಕ್ಷತೆಯಷ್ಟೇ ಮುಖ್ಯ ಅಂತ ಎಣಿಸುತ್ತೇನೆ.

ಮೂರನೆಯದು, ಹೇಳಿ ಕೇಳಿ ಮಾಡುತ್ತಾರಾ. ಇಂಜೆಕ್ಷನ್, ಒಳ ತಪಾಸಣೆ, ಕತ್ತರಿಸಿ ಹೊಲಿಗೆ ಹಾಕುವುದು, ಹೊಟ್ಟೆ ಒತ್ತುವುದು. ಎಲ್ಲರಿಗೂ ಕತ್ತರಿಸಿ ಹೊಲಿಗೆ ಹಾಕುವ ರೂಢಿ ಬೇಡ, ಮಗು ಹೊರಬರಲಿ ಅಂತ ಮೇಲಿನಿಂದ ಹೊಟ್ಟೆ ಒತ್ತುವುದೂ ಬೇಡ ಅಂತ ಅದೇ ಮಾರ್ಗಸೂಚಿ ಹೇಳಿದೆ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆಯುವವರೆಗೆ ಹೆರಿಗೆ ನಿಧಾನವಾಗಿ ಸಾಗಬಹುದು, ತಾಯಿ ಮಗು ಚೆನ್ನಾಗಿದ್ದರೆ ಅವಸರ ಮಾಡಬೇಕಿಲ್ಲ ಅಂತಲೂ ಇದೆ. ‘ಪ್ರೋಗ್ರೆಸ್ ಇಲ್ಲ’ ಅಂತ ಯಾರಾದರೂ ಬೇಗನೆ ಅಂದರೆ, ‘ಎಷ್ಟು ತೆರೆದಿದೆ, ಮಗುವಿನ ಎದೆಬಡಿತ ಹೇಗಿದೆ?’ ಅಂತ ಕೇಳಬಹುದು. ಕೇಳುವುದು ತಪ್ಪಲ್ಲ.

ಸಿಸೇರಿಯನ್ ವಿಷಯ ಇದರ ಜೊತೆಗೇ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಖಾಸಗಿ ಆಸ್ಪತ್ರೆಗಳ ಹೆರಿಗೆಯಲ್ಲಿ ಶೇ 47.4 ಸಿಸೇರಿಯನ್. ಸರ್ಕಾರಿಯಲ್ಲಿ ಶೇ 14.3. ಇಷ್ಟು ದೊಡ್ಡ ಅಂತರಕ್ಕೆ ದುಡ್ಡೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಮುಹೂರ್ತ ನೋಡಿಸಿಕೊಂಡು ಬರುವ ಮನೆಯವರಿದ್ದಾರೆ, ನೋವು ಬೇಡ ಅನ್ನುವವರಿದ್ದಾರೆ, ಕೇಸ್ ಹಾಕ್ತಾರೇನೋ ಅಂತ ಹೆದರುವ ಡಾಕ್ಟರ್‌ಗಳಿದ್ದಾರೆ. ಸರ್ಕಾರಿಯಲ್ಲಿ ಸಂಖ್ಯೆ ಕಡಿಮೆ ಇರುವುದಕ್ಕೆ ಕೆಲವು ಕಡೆ ಆಪರೇಷನ್ ಮಾಡುವವರೇ ಇಲ್ಲದಿರುವುದೂ ಒಂದು ಕಾರಣ. ಬೇಕಾದಾಗ ಸಿಸೇರಿಯನ್ ಜೀವ ಉಳಿಸುತ್ತದೆ. ‘ಚೊಚ್ಚಲ ಹೆರಿಗೆಯವರಲ್ಲಿ ಇಲ್ಲಿ ಎಷ್ಟು ಜನಕ್ಕೆ ನಾರ್ಮಲ್ ಆಗುತ್ತದೆ?’ ಅಂತ ಕೇಳಿ. ಸಂಖ್ಯೆಗಿಂತ ಜಾಸ್ತಿ, ಅವರು ಉತ್ತರ ಕೊಡುವ ರೀತಿ ನೋಡಿ.

ಹುಟ್ಟಿದ ಮೊದಲ ಗಂಟೆಯಲ್ಲಿ ಮಗು ಎಲ್ಲಿರುತ್ತದೆ ಅನ್ನುವುದೂ ಕೇಳಬೇಕಾದ್ದೇ. ಮಗು ಚೆನ್ನಾಗಿ ಅತ್ತು ಉಸಿರಾಡುತ್ತಿದ್ದರೆ ತಾಯಿಯ ಎದೆಯ ಮೇಲೆ ಮಲಗಿಸಬೇಕು, ಒಂದು ಗಂಟೆಯೊಳಗೆ ಮೊಲೆಹಾಲು ಕೊಡಿಸಬೇಕು. ಕಾರಣವಿಲ್ಲದೆ ಪುಡಿ ಹಾಲು ಕೊಡುವ ಆಸ್ಪತ್ರೆಯಾದರೆ ಯೋಚಿಸಿ. ಆಸ್ಪತ್ರೆಯಲ್ಲಿ ಹಾಲುಪುಡಿ ಕಂಪನಿಗಳ ಪ್ರಚಾರಕ್ಕೆ ಅವಕಾಶ ಕೊಡುವಂತಿಲ್ಲ ಅಂತ 1992ರಿಂದ ಕಾನೂನೇ ಇದೆ. ಗೋಡೆಯ ಮೇಲೆ ಅಂಥ ಪೋಸ್ಟರ್ ಕಂಡರೆ ಅದೂ ಒಂದು ಸುಳಿವು.

ಇನ್ನು ಖರ್ಚು ಮತ್ತು ದೂರ. ಇವೆರಡನ್ನೂ ಕೊನೆಗೆ ಇಟ್ಟಿದ್ದೇನೆ, ಆದರೆ ಎಷ್ಟೋ ಮನೆಗಳಲ್ಲಿ ತೀರ್ಮಾನ ಮಾಡುವುದು ಇವೇ.

ಸರ್ಕಾರಿ ಆಸ್ಪತ್ರೆ

ಸರ್ಕಾರಿ ಅಂದರೆ ಒಂದೇ ಬಗೆಯಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾರ್ಮಲ್ ಹೆರಿಗೆ ಮಾಡಿಸುತ್ತಾರೆ, ಸಿಸೇರಿಯನ್ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮೂವರು ಡಾಕ್ಟರ್‌ಗಳೂ ಇದ್ದರೆ ಬಹಳ ಒಳ್ಳೆಯ ಆಯ್ಕೆ. ಅರಿವಳಿಕೆ ಡಾಕ್ಟರ್ ಹುದ್ದೆ ಖಾಲಿ ಇದ್ದರೆ ನಡುರಾತ್ರಿ ‘ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ’ ಅಂತ ಚೀಟಿ ಬರೆದು ಕಳಿಸುತ್ತಾರೆ. ಈಗ ಹುದ್ದೆಯಲ್ಲಿ ಯಾರಿದ್ದಾರೆ ಅಂತ ಆಶಾ ಅಕ್ಕನಿಗೆ ಗೊತ್ತಿರುತ್ತದೆ, ಅವರನ್ನೇ ಕೇಳಿ. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್‌ನಂಥ ದೊಡ್ಡ ಆಸ್ಪತ್ರೆಗಳ ಮಾತೇ ಬೇರೆ. ದಿನವೂ ಕಷ್ಟದ ಕೇಸುಗಳನ್ನು ನೋಡಿದ ಕೈಗಳು ಅಲ್ಲಿವೆ. ಖಾಸಗಿಯವರು ಕೈಚೆಲ್ಲಿದ ಎಷ್ಟೋ ಕೇಸುಗಳು ಕೊನೆಗೆ ಬಂದು ಸೇರುವುದೂ ಇಂಥ ಕಡೆಗೇ.

ಖರ್ಚಿನ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ ಎಲ್ಲ ಉಚಿತ. ನಾರ್ಮಲ್ ಆದರೆ 3 ದಿನ, ಸಿಸೇರಿಯನ್ ಆದರೆ 7 ದಿನದ ಊಟ. ಹೋಗಲು 108, ಬಾಣಂತಿ ಮಗುವನ್ನು ಮನೆಗೆ ಬಿಡಲು ‘ನಗು-ಮಗು’ ವಾಹನ. ಬಿಪಿಎಲ್, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಜನನಿ ಸುರಕ್ಷಾ ಯೋಜನೆಯಿಂದ ಹಳ್ಳಿಯಲ್ಲಿ 700, ಪಟ್ಟಣದಲ್ಲಿ 600 ರೂಪಾಯಿ ಸಿಗುತ್ತದೆ.

ಕೊರತೆಗಳೂ ಸಣ್ಣವಲ್ಲ. ಜನ ಜಾಸ್ತಿ, ಮಂಚ ಕಡಿಮೆ. ಮಂಚಗಳ ನಡುವೆ ಪರದೆ ಇರುವುದಿಲ್ಲ. ಕಲಿಯುವ ಡಾಕ್ಟರ್‌ಗಳಿರುವ ಕಡೆ ಒಬ್ಬರಾದ ಮೇಲೆ ಒಬ್ಬರು ಒಳ ತಪಾಸಣೆ ಮಾಡುವುದುಂಟು. ‘ಈಗಷ್ಟೇ ನೋಡಿದರಲ್ಲ ಡಾಕ್ಟ್ರೇ, ಮತ್ತೆ ಯಾಕೆ?’ ಅಂತ ಕೇಳುವ ಹಕ್ಕು ನಿಮಗಿದೆ. ಮಗು ಕೈಗೆ ಕೊಡುವಾಗ ‘ಖುಷಿಗೆ ಏನಾದ್ರೂ ಕೊಡಿ’ ಅಂತ ಕೈಚಾಚುವುದು, ಗಂಡಾದರೆ ಒಂದು ರೇಟು ಹೆಣ್ಣಾದರೆ ಇನ್ನೊಂದು ರೇಟು ಇಡುವುದು ಇನ್ನೂ ನಿಂತಿಲ್ಲ. ಇದನ್ನು ನೆನೆದರೆ ನನಗೆ ಮೈ ಉರಿಯುತ್ತದೆ. ಹೆಣ್ಣುಮಗು ಭೂಮಿಗೆ ಬಂದು ಗಂಟೆ ಕಳೆಯುವ ಮೊದಲೇ ಅದರ ಬೆಲೆ ಕಡಿಮೆ ಅಂತ ಹೇಳಿದ ಹಾಗಲ್ಲವಾ?

ಇದಕ್ಕಿಂತ ಗಂಭೀರವಾದ ಎರಡು ಘಟನೆಗಳನ್ನು ಮರೆಯಬಾರದು. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ತಾಯಿ ಕಾರ್ಡ್, ಆಧಾರ್ ಇಲ್ಲ ಅಂತ ದಾಖಲು ಮಾಡಿಕೊಳ್ಳದೆ ಕಳಿಸಿದ್ದಕ್ಕೆ ಒಬ್ಬ ತುಂಬು ಗರ್ಭಿಣಿ ಮನೆಯಲ್ಲೇ ಹೆತ್ತು, ಅವಳಿ ಮಕ್ಕಳ ಜೊತೆ ತೀರಿಕೊಂಡರು. ತುರ್ತಿನಲ್ಲಿ ಯಾವ ಕಾರ್ಡೂ ಇಲ್ಲದಿದ್ದರೂ ಸೇರಿಸಿಕೊಳ್ಳಲೇಬೇಕು. ಇದನ್ನು ಮನೆಯವರೆಲ್ಲ ತಿಳಿದಿರಲಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ಡ್ರಿಪ್ಪಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ತಡೆಯಿತು. ಇವನ್ನು ಹೆದರಿಸಲು ಹೇಳುತ್ತಿಲ್ಲ. ‘ಪುಕ್ಕಟೆ ಕೊಡ್ತಾರಲ್ಲ, ಬಾಯಿ ಮುಚ್ಕೊಂಡಿರಬೇಕು’ ಅನ್ನುವ ಮಾತು ಎಷ್ಟು ಅಪಾಯದ್ದು ಅಂತ ತಿಳಿಯಲಿ ಅಂತ ಹೇಳುತ್ತಿದ್ದೇನೆ.

ಊರಿನ ನರ್ಸಿಂಗ್ ಹೋಮ್

ಡಾಕ್ಟರಮ್ಮ ಮನೆಯವರ ಹಾಗೆ. ನಿಮ್ಮ ಹೆಸರು ಗೊತ್ತು, ನಿಮ್ಮಮ್ಮನ ಹೆಸರೂ ಗೊತ್ತು. ಎಷ್ಟೋ ಸಲ ಮೇಲಿನ ಮಹಡಿಯಲ್ಲೇ ಅವರ ಮನೆ, ಹಾಗಾಗಿ ರಾತ್ರಿಯೂ ಇಳಿದು ಬರುತ್ತಾರೆ. ಅಮ್ಮನನ್ನೋ ಅಕ್ಕನನ್ನೋ ಒಳಗೆ ಬಿಡುತ್ತಾರೆ. ಮನೆಯಿಂದ ಗಂಜಿ, ಬಿಸಿನೀರು ತರಬಹುದು. ಮರ್ಯಾದೆ ಅನ್ನುವ ವಿಷಯಕ್ಕೆ ಬಂದರೆ ಹೆಚ್ಚಿನವರು ತೃಪ್ತಿಯಿಂದ ಮಾತಾಡುವುದು ಇಂಥ ಜಾಗದ ಬಗ್ಗೆಯೇ.

ಆದರೆ ಅರಿವಳಿಕೆ ಡಾಕ್ಟರ್, ಮಕ್ಕಳ ಡಾಕ್ಟರ್ ಇಬ್ಬರೂ ಹೊರಗಿನಿಂದ ಬರಬೇಕು. ರಕ್ತ ತರಿಸಬೇಕು. ಮಗುವಿಗೆ ಉಸಿರಾಟದ ತೊಂದರೆಯಾದರೆ ಬೇರೆ ಊರಿಗೆ ಓಡಬೇಕು. ಡಾಕ್ಟರಮ್ಮ ಒಬ್ಬರೇ ಆಗಿದ್ದರೆ, ಅವರು ಮದುವೆಗೋ ಕಾನ್ಫರೆನ್ಸ್‌ಗೋ ಹೋದ ದಿನ ನಿಮಗೆ ನೋವು ಬಂದರೆ ಯಾರು ನೋಡುತ್ತಾರೆ ಅಂತಲೂ ಕೇಳಿಟ್ಟುಕೊಳ್ಳಿ. ಬಿಪಿ, ಶುಗರ್, ಅವಳಿ ಮಕ್ಕಳು, ರಕ್ತಹೀನತೆ, ಮಾಸು ಕೆಳಗಿರುವುದು, ಹಿಂದಿನದು ಸಿಸೇರಿಯನ್, ಇವುಗಳಲ್ಲಿ ಒಂದು ಇದ್ದರೂ ನರ್ಸಿಂಗ್ ಹೋಮ್ ಬೇಡ ಅನ್ನುವುದೇ ನನ್ನ ಅಭಿಪ್ರಾಯ. ಪ್ರೀತಿಯಿಂದ ನೋಡಿಕೊಳ್ಳುತ್ತಾರೆ ನಿಜ. ಆದರೆ ಪ್ರೀತಿ ರಕ್ತದ ಬಾಟಲಿಯ ಕೆಲಸ ಮಾಡುವುದಿಲ್ಲ.

ದೊಡ್ಡ ಖಾಸಗಿ ಆಸ್ಪತ್ರೆ

ಡಾಕ್ಟರ್, ರಕ್ತ, ಎನ್‌ಐಸಿಯು (ಹಸುಗೂಸುಗಳ ತೀವ್ರ ನಿಗಾ ಘಟಕ) ಎಲ್ಲ ಒಂದೇ ಸೂರಿನಡಿ. ನೋವು ತಿಳಿಯದ ಹಾಗೆ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಸುಲಭವಾಗಿ ಸಿಗುವುದು ಇಲ್ಲೇ. ಅಪಾಯದ ಗರ್ಭಕ್ಕೆ, ಕೈಯಲ್ಲಿ ದುಡ್ಡಿದ್ದರೆ, ಇದು ಸರಿಯಾದ ಜಾಗ. ಗಂಡನನ್ನು ಒಳಗೆ ಬಿಡುವ, ಪ್ರತಿಯೊಂದನ್ನೂ ಕೂತು ವಿವರಿಸುವ ಆಸ್ಪತ್ರೆಗಳೂ ಇವೆ. ನನಗೆ ಸಿಗಲಿಲ್ಲ ಅಂತ ಎಲ್ಲವೂ ಹಾಗೇ ಅನ್ನಲಾರೆ.

ಇಲ್ಲಿ ತೊಂದರೆ ಏನೆಂದರೆ ನೀವು ಆರಿಸಿದ್ದು ಡಾಕ್ಟರನ್ನು, ಸಿಗುವುದು ಪಾಳಿಯಲ್ಲಿರುವವರು. ನಿಮ್ಮ ಫೈಲನ್ನು ಅವರು ಅವತ್ತೇ ಮೊದಲ ಸಲ ತೆರೆಯುತ್ತಾರೆ. ಪ್ಯಾಕೇಜ್ ಬೆಲೆಯೂ ಪೂರ್ತಿ ಸತ್ಯ ಹೇಳುವುದಿಲ್ಲ. ಬೆಂಗಳೂರಿನಲ್ಲಿ ಸಿಸೇರಿಯನ್ ಆದರೆ ಬಿಲ್ ಲಕ್ಷ ದಾಟುವುದು ಸಾಮಾನ್ಯ. ಎಪಿಡ್ಯೂರಲ್, ಮಗುವಿನ ಪರೀಕ್ಷೆ, ರಕ್ತ, ಎನ್‌ಐಸಿಯು ಪ್ಯಾಕೇಜಿನ ಹೊರಗಿರಬಹುದು. ಎಷ್ಟೋ ಕಡೆ ರೂಮು ದೊಡ್ಡದಾದ ಹಾಗೆ ಡಾಕ್ಟರ್ ಫೀಸೂ ಏರುತ್ತದೆ. ‘ನಾರ್ಮಲ್ ಅಂತ ಬಂದು ಸಿಸೇರಿಯನ್ ಆಗಿ, ಮಗು ಎರಡು ದಿನ ಎನ್‌ಐಸಿಯುನಲ್ಲಿದ್ದರೆ ಒಟ್ಟು ಎಷ್ಟಾಗಬಹುದು?’ ಅಂತ ಬಾಯಿಬಿಟ್ಟು ಕೇಳಿ ಬರೆಸಿಕೊಳ್ಳಿ. ಆಫೀಸಿನ ವಿಮೆಯಲ್ಲಿ ಹೆರಿಗೆಗೆ ಬೇರೆಯೇ ಮಿತಿ ಇರುತ್ತದೆ. ಸ್ವಂತ ಪಾಲಿಸಿಯಲ್ಲಿ ಹೆರಿಗೆ ಸೇರಿದ್ದರೂ ಕೆಲವು ವರ್ಷ ಕಾಯಬೇಕಾಗುತ್ತದೆ, ಬಸುರಿಯಾದ ಮೇಲೆ ಮಾಡಿಸಿದರೆ ಪ್ರಯೋಜನವಿಲ್ಲ. ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಕಡಿತವಾಗುತ್ತಿದ್ದರೆ ಇಎಸ್‌ಐ ಆಸ್ಪತ್ರೆಯ ಹೆರಿಗೆಗೆ ದುಡ್ಡು ಕಟ್ಟಬೇಕಿಲ್ಲ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಎಷ್ಟೋ ಹೆಣ್ಣುಮಕ್ಕಳು ಇದು ಗೊತ್ತಿಲ್ಲದೆ ಸಾಲ ಮಾಡುತ್ತಾರೆ.

ನಡುವಿನ ದಾರಿಗಳು

ಮಿಷನ್, ಟ್ರಸ್ಟ್ ಆಸ್ಪತ್ರೆಗಳನ್ನು ಜನ ಯಾಕೋ ಮರೆಯುತ್ತಾರೆ. ಮೈಸೂರಿನ ಹೋಲ್ಡ್ಸ್‌ವರ್ತ್, ಮಂಗಳೂರಿನ ಫಾದರ್ ಮುಲ್ಲರ್, ಬೆಂಗಳೂರಿನ ಸೇಂಟ್ ಜಾನ್ಸ್, ಸೇಂಟ್ ಮಾರ್ಥಾಸ್‌ನಂಥವು ಲಾಭಕ್ಕಾಗಿ ಹುಟ್ಟಿದವಲ್ಲ. ಜನರಲ್ ವಾರ್ಡ್ ತೆಗೆದುಕೊಂಡರೆ ಖರ್ಚು ಹಿಡಿತದಲ್ಲಿರುತ್ತದೆ. ರೂಮಿನ ಅಂದ ಕಡಿಮೆ, ಕಾಯುವುದು ಜಾಸ್ತಿ. ಕೈ ಬಿಗಿಯಾಗಿದ್ದು, ಸರ್ಕಾರಿಗೆ ಮನಸ್ಸು ಒಪ್ಪದಿದ್ದರೆ ನಾನು ಮೊದಲು ಕಳಿಸುವುದು ಇಂಥ ಕಡೆಗೆ.

ಮಿಡ್‌ವೈಫ್‌ಗಳು, ಅಂದರೆ ಹೆರಿಗೆ ಮಾಡಿಸುವ ತರಬೇತಿ ಪಡೆದವರು, ನಡೆಸುವ ಹೆರಿಗೆ ಕೇಂದ್ರಗಳು ದೊಡ್ಡ ಊರುಗಳಲ್ಲಿ ಮಾತ್ರ ಇವೆ. ನಡೆದಾಡುತ್ತಾ, ನೀರಿನಲ್ಲಿ ಕೂತು, ನಿಮಗೆ ಬೇಕಾದ ಭಂಗಿಯಲ್ಲಿ ಹೆರಬಹುದು. ಒಬ್ಬರೇ ಕೊನೆಯವರೆಗೆ ಜೊತೆಗಿರುತ್ತಾರೆ. ಯಾವ ಅಪಾಯವೂ ಇಲ್ಲದ ಗರ್ಭಕ್ಕೆ ಮಾತ್ರ ಇದು ಸರಿ. ತುರ್ತಿನಲ್ಲಿ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ, ಎಷ್ಟು ನಿಮಿಷದ ದಾರಿ ಅಂತ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ. ವಿಡಿಯೋ ನೋಡಿಕೊಂಡು ಮನೆಯಲ್ಲೇ ಹೆರುವ ಯೋಚನೆ ಮಾತ್ರ ದಯವಿಟ್ಟು ಬೇಡ.

ತವರಿನ ಪ್ರಶ್ನೆ

ಚೊಚ್ಚಲ ಬಾಣಂತನ ತವರಲ್ಲೇ ಅನ್ನುವುದು ನಮ್ಮ ಕಡೆ ಗಟ್ಟಿ ಪದ್ಧತಿ. ಅದರ ಸುಖ ದೊಡ್ಡದು. ತೊಂದರೆ ಬರುವುದು ಸೀಮಂತ ಮುಗಿಸಿ ಎಂಟನೇ ತಿಂಗಳಲ್ಲಿ ಊರಿಗೆ ಹೋದಾಗ. ಅಲ್ಲಿಯ ಡಾಕ್ಟರಿಗೆ ನೀವು ಹೊಸಬರು. ತವರಿಗೆ ಹೋಗುವುದು ಗೊತ್ತಿದ್ದರೆ ಆರನೇ ತಿಂಗಳಲ್ಲೇ ಒಮ್ಮೆ ಹೋಗಿ ಹೆಸರು ಬರೆಸಿ ಬನ್ನಿ. ಸ್ಕ್ಯಾನ್, ರಕ್ತದ ಗುಂಪು, ತಾಯಿ ಕಾರ್ಡ್ ಎಲ್ಲದರ ಜೆರಾಕ್ಸ್ ಒಂದೇ ಕವರಿನಲ್ಲಿರಲಿ. ಅಪಾಯದ ಗರ್ಭವಾದರೆ, ಹೆರಿಗೆ ದೊಡ್ಡ ಊರಲ್ಲಿ ಮಾಡಿಸಿ ಬಾಣಂತನಕ್ಕೆ ತವರಿಗೆ ಹೋಗುವುದು ಒಳ್ಳೆಯದು. ಅಮ್ಮನನ್ನು ಒಪ್ಪಿಸುವುದು ಸ್ವಲ್ಪ ಕಷ್ಟ, ಆದರೂ ಒಪ್ಪುತ್ತಾರೆ.

ಹೋಗಿ ನೋಡುವಾಗ

ಏಳನೇ ತಿಂಗಳೊಳಗೆ ಒಂದು ಸಂಜೆ, ಓಪಿಡಿ ಮುಗಿದ ಮೇಲೆ ಹೋಗಿ. ಹಗಲಿನ ಓಡಾಟದಲ್ಲಿ ಆಸ್ಪತ್ರೆಯ ನಿಜರೂಪ ಕಾಣುವುದಿಲ್ಲ. ಲೇಬರ್ ವಾರ್ಡ್ ತೋರಿಸಿ ಅನ್ನಿ. ಮಂಚಕ್ಕೆ ಪರದೆ ಇದೆಯಾ, ಶೌಚಾಲಯದಲ್ಲಿ ನೀರು ಬರುತ್ತದಾ, ಸಿಸ್ಟರ್‌ಗಳು ಒಳಗಿರುವವರ ಜೊತೆ ಯಾವ ದನಿಯಲ್ಲಿ ಮಾತಾಡುತ್ತಾರೆ ಅಂತ ಗಮನಿಸಿ. ಖಾಸಗಿಯಾದರೆ ಗೋಡೆಯ ಮೇಲೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಮತ್ತು ದರಪಟ್ಟಿ ಹಾಕಿರಬೇಕು. ಹೊರಗೆ ಬೆಂಚಿನ ಮೇಲೆ ಕೂತ ಬಾಣಂತಿಯ ಅಮ್ಮನ ಜೊತೆ ನಾಲ್ಕು ಮಾತಾಡಿ. ಆನ್‌ಲೈನ್ ಸ್ಟಾರ್‌ಗಳಿಗಿಂತ ಅವರ ಮಾತು ನಂಬಬಹುದು.

ಆಯ್ಕೆಯಾದ ಮೇಲೂ ಇಷ್ಟವಾಗದಿದ್ದರೆ ಎಂಟನೇ ತಿಂಗಳಲ್ಲೂ ಆಸ್ಪತ್ರೆ ಬದಲಿಸಬಹುದು. ‘ಡಾಕ್ಟರ್ ಬೇಜಾರು ಮಾಡ್ಕೋತಾರೆ’ ಅಂತ ಸಂಕೋಚ ಬೇಡ.

ಎಲ್ಲ ನೋಡಿ ಆರಿಸಿದರೂ ಕೆಟ್ಟ ಅನುಭವ ಆಗಬಹುದು. ಆಗ ಮೊದಲು ಕೇಸ್ ಶೀಟಿನ ಪ್ರತಿ ಕೇಳಿ. ಬರೆದು ಕೇಳಿದ 72 ಗಂಟೆಯೊಳಗೆ ಕೊಡಬೇಕು ಅನ್ನುವುದು ವೈದ್ಯಕೀಯ ನಿಯಮ. ಮುಂದಿನ ಹೆರಿಗೆಗೂ ಅದು ಬೇಕಾಗುತ್ತದೆ. ಸರ್ಕಾರಿ ಆಸ್ಪತ್ರೆಯಾದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಿರಿ, ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿಯೂ ದೂರು ಹೇಳಬಹುದು. ಖಾಸಗಿಯಾದರೆ ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಪ್ರಾಧಿಕಾರವಿದೆ. ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ 2 ವರ್ಷದೊಳಗೆ ಹೋಗಬೇಕು.

ಬಾಣಂತನದಲ್ಲಿ ಅಳು ಬರುವುದು ಮೊದಲ ಒಂದೆರಡು ವಾರ ಸಹಜ. ಅದು ನಿಲ್ಲದೆ, ಆ ಲೇಬರ್ ವಾರ್ಡೇ ಕಣ್ಣಮುಂದೆ ಬರುತ್ತಾ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ ‘ದೃಷ್ಟಿಯಾಗಿದೆ’ ಅಂತ ಸುಮ್ಮನೆ ಕೂರಬೇಡಿ. 14416 ಟೆಲಿ-ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಕೈ ಬಾರದಿದ್ದರೆ ಗಂಡನ ಕೈಲೋ ತಂಗಿಯ ಕೈಲೋ ಫೋನ್ ಮಾಡಿಸಿ.